ಕನ್ನೇರಿಮುಕ್ಕಿನ ಪೆತ್ತಕಲ್ ಬಂಗಲೆ

ಕೋಟಗಿರಿಯ ಬಳಿ ಕನ್ನೇರಿಮುಕ್ಕಿನಲ್ಲಿರುವ ಪೆತ್ತಕಲ್ ಬಂಗಲೆಯು ಇಂದು ನೀಲಗಿರಿ ಜಿಲ್ಲೆಗೆ ಸೇರಿದ್ದರೂ ಅದರ ಚರಿತ್ರೆ ಕೊಯಮತ್ತೂರಿನಿಂದಲೇ ಮೊದಲಾಗುತ್ತದೆ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟವನ್ನೇರಿ ಇಲ್ಲಿ ನೆಲೆ ಮಾಡಿದನು. ನೀಲಗಿರಿಯಲ್ಲಿ ಐರೋಪ್ಯನೊಬ್ಬನು ಕಟ್ಟಿಸಿದ ಮೊದಲ ಮನೆಯೆಂದು ಇದು ಹೆಸರಾಗಿದೆ. 1822ರಲ್ಲಿ ಉದಕಮಂಡಲದಲ್ಲಿ ಅವನ 'ಕಲ್ಲುಮನೆ'ಯ ಕೆಲಸ ಆರಂಭವಾದ ಮೇಲೆ ಅಧಿಕಾರದ ನೆಲೆ ಅತ್ತ ಸರಿಯಿತು. 1868ರಲ್ಲಿ ನೀಲಗಿರಿಯೇ ಕೊಯಮತ್ತೂರಿನಿಂದ ಬೇರ್ಪಟ್ಟಿತು. ಮೊದಲ ಮನೆ ಮಾತ್ರ ಜನರ ನೆನಪಿನಿಂದ ಮರೆಯಾಗಿ ಪಾಳುಬಿದ್ದಿತು.

2002ರ ಸುಮಾರಿಗೆ ಜಿಲ್ಲಾಡಳಿತದ ಆಸಕ್ತಿಯಿಂದ ಅದರ ಜೀರ್ಣೋದ್ಧಾರವಾಯಿತು. ಈಗ ಅದು ಸಲಿವನ್ ಸ್ಮಾರಕವಾಗಿ, ನೀಲಗಿರಿಯ ಹಳೆಯ ಚಿತ್ರಗಳನ್ನೂ ದಾಖಲೆಗಳನ್ನೂ ಕಾಪಾಡಿಕೊಂಡಿದೆ.

ಆದರೆ ಗೋಡೆ ನಿಂತ ಮಾತ್ರಕ್ಕೆ ಚರಿತ್ರೆ ನಿಂತಂತಾಗದು. ಸಲಿವನ್ ಬರುವ ಮೊದಲೇ ಈ ಬೆಟ್ಟಗಳಲ್ಲಿ ತೋಡರು ಎಮ್ಮೆ ಮೇಯಿಸುತ್ತಿದ್ದರು, ಬಡಗರು ಹೊಲ ಉಳುತ್ತಿದ್ದರು. ಬಡಗರೆಂದರೆ ಬಡಗಣ ದಿಕ್ಕಿನವರು. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ತೋಡರ ಭೂಮಿಯ ಹಕ್ಕನ್ನು ಸರ್ಕಾರದ ಮುಂದೆ ಎತ್ತಿ ಹಿಡಿದವನು ಸಲಿವನ್; ಅವರಿಂದ ಅಗ್ಗದಲ್ಲಿ ನೆಲ ಪಡೆದವನೂ ಅವನೇ. ಈ ಎರಡು ಸಂಗತಿಗಳನ್ನೂ ಮರೆಮಾಚದೆ ಮಕ್ಕಳಿಗೆ ತಿಳಿಸುವುದು ಉಪಾಧ್ಯಾಯರ ಪಾಲಿನ ಜೀರ್ಣೋದ್ಧಾರ ಕಾರ್ಯವಾಗಿದೆ.