ಜನಮೇಜಯನ ತಾಮ್ರಪಟವೂ ‘ಈಗಲೇ ಅಪ್‌ಡೇಟ್ ಮಾಡಿ’ ಮೆಸೇಜೂ

ಇವತ್ತಿನ ಕಥೆ ಶುರುವಾಗೋದು ಬಸ್ತಿಹಳ್ಳಿಯಲ್ಲಿ. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ನೋಡಿ, ಸೆಲ್ಫಿ ತೆಗೆದು, ಬಸ್ ಹತ್ತಿಬಿಡ್ತಾರೆ. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ಬಸ್ತಿಹಳ್ಳಿಯ ಮೂರು ಜೈನ ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಂಥಾ ನುಣುಪು ಅಂದ್ರೆ, ಹತ್ತಿರ ನಿಂತರೆ ಮುಖ ಕಾಣುತ್ತೆ. ಆ ಬಸದಿಯ ಬಗ್ಗೆ ಓದೋಣ ಅಂತ ಅಲ್ಲೇ ಫೋನಲ್ಲಿ ಯಾವುದೋ ಸೈಟ್ ತೆರೆದೆ. ತಕ್ಷಣ ಸ್ಕ್ರೀನ್ ಪೂರ್ತಿ ಕೆಂಪಾಯ್ತು. ನಿಮ್ಮ ಫೋನಿನಲ್ಲಿ ವೈರಸ್ ಇದೆ, ಎರಡು ನಿಮಿಷದೊಳಗೆ ಅಪ್‌ಡೇಟ್ ಮಾಡಿ ಅಂತ. ಕೆಳಗೆ ಗಡಿಯಾರ ಬೇರೆ ಓಡ್ತಿದೆ.

ಒತ್ತಬೇಕಾ, ಬಿಡಬೇಕಾ? ಬಂದ ಸುದ್ದಿಯನ್ನು ನಂಬೋದು ಹೇಗೆ ಅನ್ನೋ ಈ ತಲೆನೋವು ಈ ಜಾಗಕ್ಕೆ ಹೊಸದೇನಲ್ಲ.

1133ರಲ್ಲಿ ಈ ಬಸದಿ ಕಟ್ಟಿಸಿದವನು ಬೊಪ್ಪದೇವ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ಕಟ್ಟಿಸಿದ್ದು ತೀರಿಹೋದ ಅಪ್ಪನ ನೆನಪಿಗೆ. ಪ್ರತಿಷ್ಠೆ ಮುಗಿದ ಮೇಲೆ ಅರ್ಚಕರು ಪ್ರಸಾದ ಹಿಡಿದು ರಾಜನಿದ್ದ ಬಂಕಾಪುರಕ್ಕೆ ಹೋದರು. ಇವತ್ತಿನ ಹಾವೇರಿ ಜಿಲ್ಲೆಯ ಬಂಕಾಪುರ, ಇನ್ನೂರು ಕಿಲೋಮೀಟರಿನ ಆಸುಪಾಸು ದೂರ. ರಾಜ ಆಗಷ್ಟೇ ಮಸಣ ಅನ್ನೋ ಶತ್ರುವನ್ನು ಗೆದ್ದಿದ್ದ, ಮಗ ಹುಟ್ಟಿದ್ದ. ಖುಷಿಯಲ್ಲಿ ದೇವರಿಗೆ ವಿಜಯಪಾರ್ಶ್ವ ಅಂತ, ಮಗನಿಗೆ ವಿಜಯನಾರಸಿಂಹ ಅಂತ ಹೆಸರಿಟ್ಟು ಜಾವಗಲ್ಲನ್ನು ದತ್ತಿ ಕೊಟ್ಟ. ಹೌದು, ಶ್ರೀನಾಥ್ ಹೆಸರಿನ ಮುಂದಿರುವ ಅದೇ ಜಾವಗಲ್. ಇದೆಲ್ಲ ನಮಗೆ ಗೊತ್ತಾಗಿರೋದು ಬಸದಿಯ ಕಲ್ಲಿನ ಶಾಸನದಿಂದ.

ಇಲ್ಲೊಂದು ವಿಷಯ ಗಮನಿಸಿ. ಕಲ್ಲಿನ ಶಾಸನ ನಿಮ್ಮ ಮನೆ ಬಾಗಿಲಿಗೆ ಬರಲ್ಲ. ಅದು ಇದ್ದಲ್ಲಿಗೆ ನೀವೇ ಹೋಗಬೇಕು. ಊರವರ ಕಣ್ಣೆದುರು ನಿಂತಿರುವ ಕಲ್ಲಲ್ಲಿ ರಾತ್ರೋರಾತ್ರಿ ಎರಡು ಸಾಲು ಸೇರಿಸೋದು ಸುಲಭ ಅಲ್ಲ. ತಾಮ್ರಪಟ ಹಾಗಲ್ಲ. ಅದು ದತ್ತಿ ಪಡೆದವರ ಮನೆಯಲ್ಲೇ ಇರುತ್ತೆ. ಹಲಗೆಗಳಿಗೆ ಬಳೆ, ಬಳೆಗೆ ರಾಜಮುದ್ರೆ. ಜಮೀನಿನ ಜಗಳ ಬಂದಾಗ ಪೆಟ್ಟಿಗೆಯಿಂದ ತೆಗೆದು ತೋರಿಸೋದು. ಹಾಗಾಗಿ ಖೋಟಾ ಮಾಡುವವರಿಗೂ ಅದೇ ಅನುಕೂಲ. ಇಂಥವಕ್ಕೆ ಕೂಟಶಾಸನ ಅಂತ ಹೆಸರೇ ಇದೆ.

ನನಗೆ ತುಂಬಾ ಇಷ್ಟದ್ದು ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರದ ತಾಮ್ರಪಟ. ಕೊಟ್ಟವರು ಯಾರು ಗೊತ್ತಾ? ಜನಮೇಜಯ! ಮಹಾಭಾರತದ ಪರೀಕ್ಷಿತನ ಮಗ, ಸರ್ಪಯಾಗ ಮಾಡಿದವನು. ಹೆಸರು ಕೇಳಿದ ಕೂಡಲೇ ಕೈ ಮುಗಿಯಬೇಕು, ಪ್ರಶ್ನೆ ಕೇಳಬಾರದು. ಆದರೆ 19ನೇ ಶತಮಾನದ ವಿದ್ವಾಂಸರು ಕೇಳಿಯೇಬಿಟ್ಟರು. ಪಟದಲ್ಲಿ ಒಂದು ಸೂರ್ಯಗ್ರಹಣದ ಮಾತಿತ್ತು. ಬ್ರಿಟನ್ನಿನ ಖಗೋಳಜ್ಞ ಜಾರ್ಜ್ ಏರಿ ಲೆಕ್ಕ ಹಾಕಿದಾಗ ಆ ಗ್ರಹಣ 1521ಕ್ಕೆ ಬಂತು. ಅಂದ್ರೆ ಕೃಷ್ಣದೇವರಾಯನ ಕಾಲ. ಲಿಪಿ ನೋಡಿದರೆ ನಂದಿನಾಗರಿ. ಜೆ.ಎಫ್. ಫ್ಲೀಟ್ ಇಂಥ ಹತ್ತಾರು ಪಟಗಳನ್ನು ಖೋಟಾ ಪಟ್ಟಿಗೆ ಸೇರಿಸಿದರು. ಗಂಗರ ಹೆಸರಿನ ಪಟಗಳ ವಿಷಯದಲ್ಲಂತೂ ಅವರಿಗೂ ಬಿ.ಎಲ್. ರೈಸ್ ಅವರಿಗೂ ವರ್ಷಗಟ್ಟಲೆ ಜಟಾಪಟಿ. ಫ್ಲೀಟ್ ಮುದ್ರೆಯ ಹೊಳಪಿಗೆ ಮರುಳಾದವರಲ್ಲ. ವಾರ, ತಿಥಿ ಕೂಡುತ್ತಾ, ಅಕ್ಷರ ಆ ಕಾಲದ್ದಾ ಅಂತ ನೋಡ್ತಿದ್ದರು.

ನನ್ನ ಕೆಂಪು ಸ್ಕ್ರೀನೂ ಅಂಥದ್ದೇ ತಾಮ್ರಪಟ. ಕಂಪನಿಯ ಲೋಗೋ ಇತ್ತು, ಅವಸರವೂ ಇತ್ತು. ಆದರೆ ಬ್ರೌಸರಿನಲ್ಲಿ ತೆರೆದ ಒಂದು ಪುಟಕ್ಕೆ ನಿಮ್ಮ ಫೋನಿನ ಒಳಗೆ ಯಾವ ವೈರಸ್ ಇದೆ ಅಂತ ಹುಡುಕುವ ಶಕ್ತಿಯೇ ಇಲ್ಲ. 1521ರ ಗ್ರಹಣ ಸಿಕ್ಕಿಬಿದ್ದಿದ್ದು ಅಲ್ಲೇ ಅನ್ನಿ.

2021ರ ಏಪ್ರಿಲ್‌ನಲ್ಲಿ ‘ವಾಟ್ಸಾಪ್ ಪಿಂಕ್’ ಅಂತ ಲಿಂಕ್ ಹರಿದಾಡಿದ್ದು ನೆನಪಿದೆಯಾ? ಅಪ್‌ಡೇಟ್ ಮಾಡಿದರೆ ವಾಟ್ಸಾಪ್ ಗುಲಾಬಿ ಬಣ್ಣಕ್ಕೆ ತಿರುಗುತ್ತೆ ಅಂತ. ಕಳಿಸಿದವರು ಅಪರಿಚಿತರಲ್ಲ, ಗ್ರೂಪಿನಲ್ಲಿದ್ದ ನಮ್ಮವರೇ. ಆಂಡ್ರಾಯ್ಡ್‌ನಲ್ಲಿ ಹಳೇ ಆಪ್ ಮೇಲೆ ಹೊಸ ಆವೃತ್ತಿ ಕೂರಬೇಕಾದರೆ ಎರಡಕ್ಕೂ ಒಂದೇ ಡಿಜಿಟಲ್ ಸಹಿ ಇರಬೇಕು, ಇಲ್ಲದಿದ್ದರೆ ಫೋನೇ ಬೇಡ ಅನ್ನುತ್ತೆ. ಹಾಗಾಗಿ ಇಂಥ ಖೋಟಾಗಳು ಅಪ್‌ಡೇಟ್ ಅಂತ ಹೇಳಿಕೊಂಡು ಬೇರೆಯದೇ ಆಪ್ ಆಗಿ ಒಳಗೆ ಬರುತ್ತವೆ. ಹೋಲಿಸಿ ನೋಡೋಕೆ ಹಳೇ ಸಹಿಯೇ ಇರಲ್ಲ.

ಹಾಗಂತ ಎಲ್ಲ ಅಪ್‌ಡೇಟನ್ನೂ ಮುಂದೂಡೋದು ಜಾಣತನ ಅಂದುಕೊಂಡರೆ 2017 ನೆನಪಿಸಿಕೊಳ್ಳಿ. ವಿಂಡೋಸ್‌ನ ಒಂದು ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದೆ ಬಿಟ್ಟ ಕಂಪ್ಯೂಟರುಗಳಿಗೆ ಮೇ 12ರಂದು ವನ್ನಾಕ್ರೈ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯ್ತು. ಅದೇ ಜೂನ್‌ನಲ್ಲಿ ಉಕ್ರೇನಿನ ಲೆಕ್ಕಪತ್ರದ ತಂತ್ರಾಂಶವೊಂದರ ಅಸಲಿ ಅಪ್‌ಡೇಟ್ ದಾರಿಯಲ್ಲೇ ನಾಟ್‌ಪೆಟ್ಯಾ ಬಂತು. ಅಪರೂಪಕ್ಕೆ ಕಲ್ಲೂ ಕೆಡುತ್ತೆ. ಆದರೂ ನನ್ನ ಲೆಕ್ಕದಲ್ಲಿ ತಾಮ್ರಪಟಕ್ಕಿಂತ ಕಲ್ಲೇ ವಾಸಿ.

ಬಸದಿಯ ಮೆಟ್ಟಿಲ ಮೇಲೆ ಕೂತು ಆ ಟ್ಯಾಬ್ ಮುಚ್ಚಿದೆ. ಆಮೇಲೆ ನಾನೇ ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್ ಅಪ್‌ಡೇಟ್ ತೆರೆದು ನೋಡಿದೆ. ವೈರಸ್ ಮಾತಿಲ್ಲ, ಗಡಿಯಾರ ಇಲ್ಲ. ಆದರೆ ನಿಜವಾದ ಒಂದು ಸೆಕ್ಯುರಿಟಿ ಅಪ್‌ಡೇಟ್ ಎರಡು ತಿಂಗಳಿಂದ ಸದ್ದಿಲ್ಲದೆ ಕಾಯ್ತಾ ಕೂತಿತ್ತು. ಅಲ್ಲಿ ಸಿಗ್ನಲ್ ಎರಡೇ ಕಡ್ಡಿ. ಡೌನ್‌ಲೋಡ್ ಮುಗಿಯೋ ಹೊತ್ತಿಗೆ ಪಕ್ಕದ ಶಾಂತಿನಾಥ ಬಸದಿಯನ್ನೂ ಸಾವಕಾಶವಾಗಿ ನೋಡಿ ಬಂದೆ.