ಸೊಸೆಗೆ ಸಂದ ಮಗ್ಗ

ನವಲಗುಂದದ ಜಮಖಾನದ ಮಾತು ಬಂದಲ್ಲೆಲ್ಲ ಒಂದು ಸಂಗತಿ ತಪ್ಪದೆ ಕೇಳಿಬರುತ್ತದೆ. ಇಲ್ಲಿ ನೇಯ್ಗೆಯನ್ನು ಮಗಳಿಗೆ ಕಲಿಸುತ್ತಿರಲಿಲ್ಲ, ಸೊಸೆಗೆ ಕಲಿಸುತ್ತಿದ್ದರು. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ವಿದ್ಯೆಯೂ ಅವಳೊಂದಿಗೆ ಹೋಗುತ್ತದೆ. ಸೊಸೆ ಹಾಗಲ್ಲ, ಅವಳು ಬಂದು ಇಲ್ಲೇ ಉಳಿಯುವವಳು. ಈ ಕಾರಣವನ್ನು ಹೊರಗಿನವರು ಊಹಿಸಿದ್ದಲ್ಲ, ನೇಯುವ ಹೆಂಗಸರೇ ತಲೆಮಾರಿನಿಂದ ಹೇಳಿಕೊಂಡು ಬಂದದ್ದು. ಇದರ ಬೆನ್ನಿಗೇ ಇನ್ನೊಂದು ತೀರ್ಮಾನವೂ ಬರುತ್ತದೆ: ಈ ಗುಟ್ಟಿನ ಕಟ್ಟಳೆಯಿಂದಲೇ ಕಸುಬು ಕೆಟ್ಟಿತು, ವಿದ್ಯೆಯನ್ನು ಬಚ್ಚಿಟ್ಟವರು ವಿದ್ಯೆಯನ್ನೇ ಕಳೆದುಕೊಂಡರು. ಕೇಳಲು ಇದು ನ್ಯಾಯವಾಗಿಯೇ ಇದೆ. ಆದರೆ ಇದೇ ಕಟ್ಟಳೆ ಇದ್ದ ಬೇರೆ ಊರುಗಳನ್ನೂ, ಅದಿಲ್ಲದೆಯೇ ಕಸುಬು ಕುಸಿದ ಊರುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಈ ತೀರ್ಮಾನ ನಿಲ್ಲುವುದಿಲ್ಲ.

ಕಟ್ಟಳೆ ಹುಟ್ಟಿದ್ದು ಏಕೆ ಎಂಬುದನ್ನು ಮೊದಲು ನೋಡಬೇಕು. ಬಾಯಿಂದ ಬಾಯಿಗೆ ಬಂದ ಕಥೆಯ ಪ್ರಕಾರ ಈ ನೇಕಾರರ ಹಿರಿಯರು ಬಿಜಾಪುರದವರು. ಆದಿಲ್‌ಶಾಹಿಗೂ ವಿಜಯನಗರಕ್ಕೂ ಕಾಳಗಗಳು ನಡೆಯುತ್ತಿದ್ದ ಹದಿನಾರನೆಯ ಶತಮಾನದಲ್ಲಿ ನೆಲೆ ಬಿಟ್ಟು ನವಲಗುಂದಕ್ಕೆ ಬಂದು ಕೂತವರು. ಇಸವಿ ಹಿಡಿದು ಲೆಕ್ಕ ಹಾಕುವಂಥ ಕಥೆಯಲ್ಲ ಇದು. ಆದರೂ ಅದು ಹೇಳುವ ಸ್ಥಿತಿಯನ್ನು ಗಮನಿಸಬೇಕು. ಹೊಲವಿಲ್ಲದೆ, ವತನವಿಲ್ಲದೆ, ಪರವೂರಿಗೆ ಬಂದ ಕುಟುಂಬಗಳ ಕೈಯಲ್ಲಿದ್ದ ಆಸ್ತಿ ವಿದ್ಯೆಯೊಂದೇ. ಕಚ್ಚಾ ಮಾಲಿಗೆ ಕೊರತೆ ಇರಲಿಲ್ಲ. ನವಲಗುಂದದ ಸುತ್ತಲಿನ ಎರೆಭೂಮಿ ಹತ್ತಿಯ ನಾಡು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿಯನ್ನು ಬಿತ್ತಿಸಿ ನೋಡಲು ಆರಿಸಿಕೊಂಡ ಪ್ರದೇಶಗಳಲ್ಲಿ ಈ ಊರಿರುವ ಧಾರವಾಡ ಜಿಲ್ಲೆಯೂ ಒಂದು. ನೂಲು ಯಾರಿಗೂ ಸಿಗುತ್ತದೆ, ಬಣ್ಣವೂ ಸಿಗುತ್ತದೆ. ಹಾಗಿರುವಾಗ ಈ ಊರಿನ ಜಮಖಾನಕ್ಕೆ ಬೆಲೆ ಬರುವುದು ನೇಯುವ ಕೈಯಿಂದ ಮಾತ್ರ. ಕೈಗೆ ಬೇಲಿ ಹಾಕಿದ್ದು ಅದಕ್ಕಾಗಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಒಂದೇ ಮನೆಯಲ್ಲಿ ತಾಯಿ ದಿನವೂ ನೇಯುತ್ತಿದ್ದರೆ ಮಗಳ ಕಣ್ಣಿಗೆ ಬೀಳದಿರುವುದೇ? ಬೀಳುತ್ತದೆ. ಆದರೆ ನೋಡಿದವರೆಲ್ಲ ನೇಯಲಾರರು. ನವಲಗುಂದದ ಮಗ್ಗ ಗೋಡೆಯಂತೆ ನೆಟ್ಟಗೆ ನಿಲ್ಲುವ ಮಗ್ಗ. ಅದರ ಮುಂದೆ ಹೆಂಗಸರು ಅಕ್ಕಪಕ್ಕ ಕೂತು, ಹಾಸಿನ ಎಳೆಗಳನ್ನು ಎಣಿಸಿ, ಬಣ್ಣಬಣ್ಣದ ಹೊಕ್ಕಿನ ನೂಲನ್ನು ಕೈಯಿಂದಲೇ ತೂರಿಸಿ, ಲೋಹದ ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ನಡುವೆ ಪಗಡೆಯ ಹಾಸು, ಸುತ್ತ ನವಿಲು, ಹೂವು, ಕೋನಕೋನದ ಅಂಚು. ಎಲ್ಲಿ ಎಷ್ಟು ಎಳೆ ಬಿಡಬೇಕು, ಎಲ್ಲಿ ಬಣ್ಣ ತಿರುಗಿಸಬೇಕು ಎಂಬುದು ಕಾಗದದ ಮೇಲಲ್ಲ, ನೆನಪಿನಲ್ಲಿ ಇರುತ್ತದೆ. ಇಂಥ ವಿದ್ಯೆ ಬರಬೇಕಾದರೆ ಬಲ್ಲವಳ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಕೈ ಪಳಗಬೇಕು. ಆ ಜಾಗವನ್ನು ಮಗಳಿಗೆ ಕೊಡದೆ ಸೊಸೆಗೆ ಕೊಟ್ಟರೆ ಸಾಕು, ಬಾಗಿಲು ಮುಚ್ಚುವ ಅಗತ್ಯವೇ ಇಲ್ಲ. ಇನ್ನೂ ಒಂದು ಮಾತಿದೆ. ಉತ್ತರ ಕರ್ನಾಟಕದಲ್ಲಿ ಹಿಂದೂಗಳಲ್ಲೂ ಮುಸ್ಲಿಮರಲ್ಲೂ ನೆಂಟರೊಳಗೇ ಹೆಣ್ಣು ತರುವ ರೂಢಿ ಉಂಟು. ಒಂದು ಮನೆಯ ಮಗಳು ಅದೇ ಗಲ್ಲಿಯ ಇನ್ನೊಂದು ಮನೆಗೆ ಸೊಸೆಯಾದಾಗ ಕಟ್ಟಳೆ ಅವಳನ್ನು ಮಗ್ಗದಿಂದ ದೂರ ಇಡುತ್ತಿರಲಿಲ್ಲ, ಕೆಲವು ವರ್ಷ ಕಾಯಿಸುತ್ತಿತ್ತು ಅಷ್ಟೆ. ಪೆಟ್ಟು ಬಿದ್ದದ್ದು ಊರು ಬಿಟ್ಟು ಹೋದವಳಿಗೆ.

ಮಗಳ ಮದುವೆಯೊಂದಿಗೆ ವಿದ್ಯೆ ಗಡಿ ದಾಟುತ್ತದೆಂಬ ಭಯ ನವಲಗುಂದದ್ದೊಂದೇ ಅಲ್ಲ. ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟ ಅದೇ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಮಧ್ಯ ಏಷ್ಯಾದ ಖೋತಾನದಲ್ಲಿ ಕೇಳಿದ ಕಥೆಯೊಂದನ್ನು ದಾಖಲಿಸಿದ್ದಾನೆ. ರೇಷ್ಮೆ ಹುಳುವನ್ನು ಹೊರಗೆ ಒಯ್ಯಬಾರದೆಂದು ಪೂರ್ವದ ರಾಜ್ಯವೊಂದು ಕಾವಲು ಇಟ್ಟಿತ್ತು. ಖೋತಾನದ ರಾಜನಿಗೆ ಮದುವೆಯಾಗಿ ಹೊರಟ ಆ ರಾಜ್ಯದ ಕುಮಾರಿ ಹುಳುವಿನ ಮೊಟ್ಟೆಗಳನ್ನೂ ಹಿಪ್ಪುನೇರಳೆಯ ಬೀಜವನ್ನೂ ತಲೆಯ ತೊಡುಗೆಯಲ್ಲಿ ಅಡಗಿಸಿಕೊಂಡಳು. ಕಾವಲಿನವರು ಎಲ್ಲವನ್ನೂ ತಡಕಿದರೂ ರಾಜಕುಮಾರಿಯ ತಲೆಯನ್ನು ಮುಟ್ಟಲಿಲ್ಲ. ಈ ಕಥೆಯನ್ನು ಚಿತ್ರಿಸಿದ ಮರದ ಹಲಗೆಯೊಂದು 1900ರಲ್ಲಿ ಪುರಾತತ್ವ ಶೋಧಕ ಆರೆಲ್ ಸ್ಟೈನ್‌ಗೆ ಖೋತಾನದ ಬಳಿಯ ಮರಳುಗಾಡಿನಲ್ಲಿ ಸಿಕ್ಕಿತು. ವೆನಿಸ್ ಇನ್ನೊಂದು ದಾರಿ ಹಿಡಿಯಿತು. 1291ರಲ್ಲಿ ಗಾಜಿನ ಕುಲುಮೆಗಳನ್ನು ಮುರಾನೋ ದ್ವೀಪಕ್ಕೆ ಸಾಗಿಸಿದರು. ಬೆಂಕಿಯ ಭಯ ಒಂದು ಕಾರಣ. ಮುಂದೆ ಅಲ್ಲಿಯ ಕುಶಲಿಗಳು ನಾಡು ಬಿಟ್ಟು ಹೋಗದಂತೆ ಕಾನೂನೂ ಬಂತು. ಆದರೂ 1665ರ ಹೊತ್ತಿಗೆ ಫ್ರಾನ್ಸಿನ ಮಂತ್ರಿ ಕೋಲ್ಬೇರ್ ಹಣದ ಆಸೆ ತೋರಿಸಿ ಕನ್ನಡಿ ಮಾಡುವವರನ್ನು ಪ್ಯಾರಿಸಿಗೆ ಕರೆಸಿಕೊಂಡ. ರಾಜ್ಯಗಳು ಕಾವಲು ಹಾಕಿ ಕಾಯಲಾಗದ್ದನ್ನು ನವಲಗುಂದದ ಹೆಂಗಸರು ಮದುವೆಯ ಸಂಬಂಧವನ್ನೇ ಬಳಸಿ ಶತಮಾನಗಟ್ಟಲೆ ಕಾದರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅವರ ಬುದ್ಧಿಗೆ ಮಾಡುವ ಅನ್ಯಾಯ.

ಈಗ ಕಟ್ಟಳೆಯೇ ಕಸುಬನ್ನು ಕೆಡಿಸಿತೆಂಬ ವಾದಕ್ಕೆ ಬರೋಣ. ಗುಜರಾತಿನ ಪಾಟಣದಲ್ಲಿ ಪಟೋಲಾ ಸೀರೆ ನೇಯುವ ಸಾಳ್ವಿ ಮನೆತನಗಳಲ್ಲೂ ಇದೇ ರೂಢಿ ಇತ್ತು: ವಿದ್ಯೆ ಮಗನಿಗೆ, ಸೊಸೆಗೆ, ಮಗಳಿಗಲ್ಲ. ಆದರೆ ಹಾಸು ಹೊಕ್ಕು ಎರಡನ್ನೂ ಮೊದಲೇ ಕಟ್ಟಿ ಬಣ್ಣ ಹಾಕುವ ಆ ಸೀರೆ ಇವತ್ತು ಲಕ್ಷ ರೂಪಾಯಿಗೆ ಮೇಲ್ಪಟ್ಟು ಮಾರಾಟವಾಗುತ್ತದೆ, ಕೊಳ್ಳುವವರು ಕಾದು ಕೊಳ್ಳುತ್ತಾರೆ. ಕಟ್ಟಳೆ ಒಂದೇ, ಗತಿ ಬೇರೆ. ಇನ್ನೊಂದು ಕಡೆ ನಮ್ಮದೇ ಇಳಕಲ್ಲು. ಅಲ್ಲಿ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ವಿದ್ಯೆ ಊರೂರಿಗೆ ಹರಡಿತು. ಮಗಳಿಗೆ ಬೇಡ ಎಂಬ ಬೇಲಿಯಿಂದ ಯಾರೂ ಇಳಕಲ್ಲನ್ನು ಗುರುತಿಸುವುದಿಲ್ಲ. ಆದರೂ ವಿದ್ಯುತ್ ಮಗ್ಗದ ಸೀರೆ ಬಂದಾಗ ಕೈಮಗ್ಗ ಹಿಂದೆ ಸರಿಯಿತು. ತಮಿಳುನಾಡಿನ ಭವಾನಿಯ ಜಮಕ್ಕಾಳವನ್ನು ಗಂಡಸರು ಹೆಂಗಸರು ಇಬ್ಬರೂ ನೇಯುತ್ತಾರೆ, ಸಹಕಾರ ಸಂಘಗಳೂ ಇವೆ. ಅದಕ್ಕೂ ಸೊಲ್ಲಾಪುರದ ವಿದ್ಯುತ್ ಮಗ್ಗದ ನಕಲಿನಿಂದ ಪೆಟ್ಟು ಬಿತ್ತು. 1985ರ ಕೈಮಗ್ಗ ಮೀಸಲು ಕಾಯ್ದೆ ಜಮಖಾನವನ್ನು ಕೈಮಗ್ಗಕ್ಕೇ ಮೀಸಲಿಟ್ಟ ಮೇಲೂ ಇದು ತಪ್ಪಲಿಲ್ಲ. ಬಚ್ಚಿಟ್ಟ ಕಡೆ ಒಂದು ಕಸುಬು ಬಾಳಿತು, ಬಿಚ್ಚಿಟ್ಟ ಕಡೆ ಎರಡು ಕಸುಬು ಬಡವಾದವು. ವ್ಯತ್ಯಾಸ ಗುಟ್ಟಿನಲ್ಲಿಲ್ಲ, ಬೆಲೆಯಲ್ಲಿದೆ. ದಿನಗಟ್ಟಲೆ ಬೆನ್ನು ಬಗ್ಗಿಸಿ ನೇಯ್ದ ಜಮಖಾನಕ್ಕೆ ಬರುವ ಕೂಲಿ ಹೊಲದ ಕೂಲಿಗಿಂತ ಕಡಿಮೆಯಾದರೆ ಸೊಸೆಯಾದರೂ ಮಗ್ಗದ ಮುಂದೆ ಏಕೆ ಕೂರಬೇಕು?

ಹಾಗಾದರೆ ಪಾಟಣದಲ್ಲೂ ಉಳಿದದ್ದು ಬೆರಳೆಣಿಕೆಯ ಮನೆಗಳಲ್ಲವೇ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯಲ್ಲಿ ಹುರುಳಿದೆ. ಕಟ್ಟಳೆ ಕಸುಬಿನ ಬೆಲೆಯನ್ನು ಇಳಿಸಲಿಲ್ಲ, ಆದರೆ ಬಲ್ಲವರ ಸಂಖ್ಯೆಯನ್ನು ಕಡಿಮೆಯಾಗಿಟ್ಟಿತು. ಬೆಲೆ ಕುಸಿದು ಹತ್ತಾರು ಮನೆಗಳು ಮಗ್ಗ ಬಿಚ್ಚಿದಾಗ, ಬೇರೆಲ್ಲೋ ಕಲಿತವರು ಮುಂದೆ ಬಂದು ಮತ್ತೆ ಹೂಡುವ ದಾರಿ ಇರಲಿಲ್ಲ. ಒಬ್ಬ ಅತ್ತೆ ಕಲಿಸದೆ ತೀರಿಕೊಂಡರೆ ಒಂದು ಅಂಚಿನ ಲೆಕ್ಕವೇ ಅವಳೊಂದಿಗೆ ಹೋಗುತ್ತದೆ. ಬಿದ್ದದ್ದನ್ನು ಎತ್ತಿ ನಿಲ್ಲಿಸುವುದು ಕಷ್ಟವಾದದ್ದು ಕಟ್ಟಳೆಯಿಂದ, ಬೀಳಿಸಿದ್ದು ಅದಲ್ಲ. ಇದಕ್ಕಿಂತ ಭಾರವಾದ ಮಾತು ಬೇರೆ ಇದೆ. ಈ ಕಾವಲಿನ ಖರ್ಚನ್ನು ಹೊತ್ತವರು ಹೆಣ್ಣುಮಕ್ಕಳು. ತವರಿನಲ್ಲಿ ನೂಲು ಸುತ್ತಿಕೊಟ್ಟು ಬೆಳೆದವಳು ಗಂಡನ ಊರಿಗೆ ಬರಿಗೈಯಲ್ಲಿ ಹೋದಳು, ಅಲ್ಲಿ ಕೈಯಲ್ಲೊಂದು ವಿದ್ಯೆ ಇದ್ದಿದ್ದರೆ ಅವಳ ಬದುಕಿಗೆ ಆಸರೆಯಾಗುತ್ತಿತ್ತು. ಗಲ್ಲಿಯ ಹಿತಕ್ಕಾಗಿ ಇದು ಅಗತ್ಯವಾಗಿತ್ತೆಂದು ಒಪ್ಪಿದರೂ ಅವಳಿಗಾದ ನಷ್ಟ ನಷ್ಟವೇ, ಅದನ್ನು ಇತಿಹಾಸ ಬರೆಯುವವರು ಮರೆಯಬಾರದು.

2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕ ಕಾಯ್ದೆ ಈ ಲೆಕ್ಕವನ್ನೆಲ್ಲ ಬದಲಿಸಿದೆ. 2011ರಲ್ಲಿ ನವಲಗುಂದದ ಜಮಖಾನ ಅದರಡಿ ನೋಂದಣಿಯಾಯಿತು. ಈ ಕಾಯ್ದೆಯ ಪ್ರಕಾರ ಹೆಸರು ಊರಿಗೆ ಸೇರಿದ್ದು, ಅಲ್ಲಿಯ ಉತ್ಪಾದಕರಲ್ಲಿ ಯಾರೇ ಆದರೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು. ನವಲಗುಂದದ ಮಗಳೊಬ್ಬಳು ನೇಯ್ಗೆ ಕಲಿತು ಹುಬ್ಬಳ್ಳಿಗೆ ಸೊಸೆಯಾಗಿ ಹೋಗಿ ಅಲ್ಲಿ ಅದೇ ನವಿಲು, ಅದೇ ಪಗಡೆ ನೇಯ್ದರೂ ಅದನ್ನು ನವಲಗುಂದದ ಜಮಖಾನ ಎಂದು ಮಾರುವ ಹಕ್ಕು ಅವಳಿಗಿಲ್ಲ. ಅತ್ತೆಯಂದಿರು ಮಗಳನ್ನು ದೂರವಿಟ್ಟು ಕಾಯುತ್ತಿದ್ದದ್ದನ್ನು ಈಗ ನೋಂದಣಿಯ ಪುಸ್ತಕ ಕಾಯುತ್ತದೆ. ಹಾಗಾಗಿ ಮಗಳಿಗೆ ಕಲಿಸಬಾರದೆಂಬುದಕ್ಕೆ ಇದ್ದ ಒಂದೇ ಸಕಾರಣವೂ ಹೋಯಿತು. ಆದರೆ ಆ ಪುಸ್ತಕ ಹೆಸರನ್ನು ಕಾಯುತ್ತದೆಯೇ ಹೊರತು ಕೂಲಿಯನ್ನಲ್ಲ. ಜಮಖಾನ ಕೊಳ್ಳುವವರು ಒಂದು ಚದರ ಅಡಿಗೆ ಎಷ್ಟು ದಿನದ ದುಡಿಮೆ ಎಂದು ಕೇಳಿ, ಅದಕ್ಕೆ ತಕ್ಕ ಹಣ ಕೊಡುವವರೆಗೆ ಮಗಳೂ ಕಲಿಯಲು ಕೂರಲಾರಳು, ಸೊಸೆಯೂ ಕೂರಲಾರಳು.