ಸೇವಾದಳದ ಸ್ವಯಂಸೇವಿಕೆಯರು

ರಾಷ್ಟ್ರೀಯ ಮಹಾಸಭೆಯ ಅಧಿವೇಶನಗಳ ವೃತ್ತಾಂತಗಳಲ್ಲಿ ಅಧ್ಯಕ್ಷರ ಭಾಷಣಕ್ಕೂ ನಿರ್ಣಯಗಳಿಗೂ ದೊರೆತ ಸ್ಥಳವು ಮಂಟಪದ ಹೊರಗೆ ಹಗಲಿರುಳು ದುಡಿದವರಿಗೆ ದೊರೆತಿಲ್ಲ. ೧೯೨೪ನೆಯ ಇಸವಿಯ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನೆರೆದ ಅಧಿವೇಶನವನ್ನು ಕನ್ನಡಿಗರು ಮರೆತವರಲ್ಲ. ಹುಯಿಲಗೋಳ ನಾರಾಯಣರಾಯರ ನಾಡಗೀತವು ಅಲ್ಲಿ ಕೇಳಿಬಂದುದನ್ನೂ, ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರು ಅಲ್ಲಿ ಹಾಡಿದುದನ್ನೂ ಎಲ್ಲರೂ ಬಲ್ಲರು. ಆದರೆ ನೂರೈವತ್ತಕ್ಕೂ ಮಿಕ್ಕಿ ಸ್ತ್ರೀಯರು ಆ ಅಧಿವೇಶನದಲ್ಲಿ ಸ್ವಯಂಸೇವಿಕೆಯರಾಗಿ ನಿಂತರೆಂಬುದೂ, ಅವರಲ್ಲಿ ಅನೇಕರು ವಿಧವೆಯರಾಗಿದ್ದರೆಂಬುದೂ ಅಷ್ಟಾಗಿ ಪ್ರಸಿದ್ಧವಾಗಲಿಲ್ಲ. ಶುಭಕಾರ್ಯಕ್ಕೆ ಹೊರಟವರ ಎದುರಿಗೆ ಬರಬಾರದೆಂದು ಮನೆಯವರೇ ಒಳಗೆ ಕೂಡಿಸಿದ್ದ ಹೆಣ್ಣುಮಕ್ಕಳು ಅಲ್ಲಿ ದೇಶದ ಅತಿಥಿಗಳ ಸೇವೆಗೆ ಮುಂದೆ ನಿಂತರು.

ಅವರನ್ನು ಸಿದ್ಧಗೊಳಿಸಿದ ಸಂಸ್ಥೆಯು ಹುಬ್ಬಳ್ಳಿಯ ಹಿಂದುಸ್ತಾನಿ ಸೇವಾದಳ. ಅದರ ಸಂಸ್ಥಾಪಕರಾದ ಡಾಕ್ಟರ ನಾರಾಯಣ ಸುಬ್ಬರಾವ ಹರ್ಡೀಕರರು ಧಾರವಾಡದಲ್ಲಿ ಹುಟ್ಟಿದವರು; ಕಲಕತ್ತೆಯಲ್ಲಿ ವೈದ್ಯವನ್ನೂ ಅಮೆರಿಕೆಯಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನೂ ಕಲಿತು ೧೯೨೧ರಲ್ಲಿ ಮರಳಿದವರು. ೧೯೨೩ರಲ್ಲಿ ನಾಗಪುರದ ಧ್ವಜಸತ್ಯಾಗ್ರಹಕ್ಕೆ ತಮ್ಮ ತಂಡದೊಡನೆ ಹೋಗಿ ಸೆರೆಯಾದರು. ಅಲ್ಲಿ ಅನೇಕರು ಕ್ಷಮೆ ಬೇಡಿ ಹೊರಬಿದ್ದಾಗಲೂ ಹುಬ್ಬಳ್ಳಿಯ ತಂಡದವರು ಬೇಡಲಿಲ್ಲ. ಉತ್ಸಾಹವೊಂದೇ ಸಾಲದು, ಶಿಸ್ತಿನ ಶಿಕ್ಷಣವೂ ಬೇಕೆಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಕಾಗಲಿಲ್ಲ. ಆ ವರ್ಷದ ಕೊನೆಗೆ ಕಾಕಿನಾಡದ ಅಧಿವೇಶನದಲ್ಲಿ ದಳವು ಸ್ಥಾಪಿತವಾಯಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರಾದರು. ಕವಾಯತು ಸೈನಿಕರಿಗೆ ತಕ್ಕುದು, ಅಹಿಂಸಾವ್ರತಿಗಳಿಗೆ ಅದೇಕೆಂದು ಮಹಾಸಭೆಯೊಳಗೇ ಕೆಲವರು ಆಕ್ಷೇಪಿಸಿದರು. ಗಂಡಸರ ಕವಾಯತಿಗೇ ಇಷ್ಟು ಸಂದೇಹವಿದ್ದಾಗ ಹೆಂಗಸರ ಕವಾಯತಿಗೆ ಏನೆಂದಾರೆಂಬುದನ್ನು ಹೇಳಬೇಕಾದುದಿಲ್ಲ.

ಸ್ತ್ರೀವಿಭಾಗದ ಭಾರವು ಶ್ರೀಮತಿ ಉಮಾಬಾಯಿ ಕುಂದಾಪುರ ಅವರ ಮೇಲೆ ಬಿದ್ದಿತು. ೧೮೯೨ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಇವರಿಗೆ ತವರಿನ ಹೆಸರು ಭವಾನಿ. ಎಳೆಯ ವಯಸ್ಸಿನಲ್ಲಿಯೇ ಕುಂದಾಪುರದವರ ಮನೆಗೆ ಸೊಸೆಯಾಗಿ ಬಂದರು. ಮಾವ ಆನಂದರಾಯರು ಸೊಸೆಯನ್ನು ಅಡಿಗೆಮನೆಗೆ ಒಪ್ಪಿಸಿ ಸುಮ್ಮನಾಗಲಿಲ್ಲ. ಮುಂಬಯಿಯಲ್ಲಿ ಓದಿಸಿದರು, ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾಗುವಂತೆ ಮಾಡಿದರು. ೧೯೨೩ರಲ್ಲಿ ಪತಿ ಸಂಜೀವರಾಯರು ಕ್ಷಯರೋಗದಿಂದ ತೀರಿಕೊಂಡ ಮೇಲೆ ಮಾವನೂ ಸೊಸೆಯೂ ಹುಬ್ಬಳ್ಳಿಗೆ ಬಂದು ನೆಲೆಸಿದರು. ಆನಂದರಾಯರು ಮುದ್ರಣಾಲಯವನ್ನು ತೆರೆದರು. ಉಮಾಬಾಯಿಯವರು ತಿಲಕ ಕನ್ಯಾಶಾಲೆಯನ್ನೂ ಭಗಿನೀ ಮಂಡಲವನ್ನೂ ನಡೆಯಿಸಿದರು. ವಿಧವೆಯಾದ ಸೊಸೆಯನ್ನು ಊರೂರು ತಿರುಗಲು ಬಿಟ್ಟ ಆ ಮಾವನ ಎದೆಗಾರಿಕೆಗೂ ಈ ಚರಿತ್ರೆಯಲ್ಲಿ ಒಂದು ಪಾಲು ಸಲ್ಲತಕ್ಕದ್ದು.

ಬೆಳಗಾವಿಯ ಅಧಿವೇಶನಕ್ಕಾಗಿ ಉಮಾಬಾಯಿಯವರು ಪ್ರಾಂತದಲ್ಲೆಲ್ಲ ಸಂಚರಿಸಿ ಸೇವಿಕೆಯರನ್ನು ಕೂಡಿಸಿದರು. ಮಗಳನ್ನೋ ಸೊಸೆಯನ್ನೋ ಪರಸ್ಥಳಕ್ಕೆ, ಅದೂ ಸಾವಿರಾರು ಗಂಡಸರು ನೆರೆಯುವ ಜಾತ್ರೆಯಂಥ ಸ್ಥಳಕ್ಕೆ, ಕಳಿಸಿರೆಂದು ಕೇಳುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಕರೆಯಲು ಬಂದವರೂ ಅದೇ ದುಃಖವನ್ನುಂಡವರಾದುದರಿಂದಲೇ ಬಾಗಿಲುಗಳು ತೆರೆದವೆಂದು ಊಹಿಸಲು ಅಡ್ಡಿಯಿಲ್ಲ. ಸಾಲಿನಲ್ಲಿ ನಿಲ್ಲುವುದು, ಅಪ್ಪಣೆಯಂತೆ ನಡೆಯುವುದು, ಪ್ರಥಮ ಚಿಕಿತ್ಸೆ, ನೂಲುವುದು, ಧ್ವಜವಂದನೆ: ಬರೆಯಹೋದರೆ ಈ ಶಿಕ್ಷಣವು ನಾಲ್ಕು ಶಬ್ದಗಳಲ್ಲಿ ಮುಗಿಯುವಂಥದು. ಆದರೆ ಪರಪುರುಷರ ಮುಂದೆ ದನಿಯೆತ್ತದವಳು ಗುಂಪಿಗೆ ದಾರಿ ಬಿಡಿರೆಂದು ಹೇಳಬೇಕಾದಾಗ ಅವಳೊಳಗೆ ಆಗುವ ಮಾರ್ಪಾಡು ಯಾವ ಪಾಠಕ್ರಮದಲ್ಲಿಯೂ ಬರೆದಿರುವುದಿಲ್ಲ. ಅಪ್ಪಣೆಯನ್ನು ಪಾಲಿಸಲು ಅವರು ಮನೆಯಲ್ಲಿಯೇ ಕಲಿತಿದ್ದರು. ಅಪ್ಪಣೆ ಕೊಡುವುದನ್ನು ದಳದಲ್ಲಿ ಕಲಿತರು.

ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರೂ ಈ ದಳದಲ್ಲಿ ದುಡಿದವರು. ೧೯೩೦ರಲ್ಲಿ ದಾಂಡಿಯ ಯಾತ್ರೆಗೆ ಗಾಂಧಿಯವರು ಆರಿಸಿಕೊಂಡ ೭೮ ಮಂದಿಯಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. ಉಪ್ಪಿನ ಸತ್ಯಾಗ್ರಹದಿಂದ ಸ್ತ್ರೀಯರನ್ನು ಹೊರಗಿಡಬಾರದೆಂದು ಅವರೊಡನೆಯೇ ವಾದಿಸಿದವರಲ್ಲಿ ಕಮಲಾದೇವಿಯವರು ಒಬ್ಬರು. ಮಹಾತ್ಮರ ಎದುರು ನಿಂತು ವಾದಿಸುವ ಧೈರ್ಯವೂ ಧುರೀಣತ್ವದ ಲಕ್ಷಣವೇ. ಆ ವರ್ಷ ಉಪ್ಪು ಮಾಡುವಲ್ಲಿಯೂ, ಮದ್ಯದ ಹಾಗೂ ಪರದೇಶೀ ಬಟ್ಟೆಯ ಅಂಗಡಿಗಳ ಮುಂದೆ ಕಾವಲು ನಿಲ್ಲುವಲ್ಲಿಯೂ ದೇಶದ ಎಲ್ಲೆಡೆ ಸ್ತ್ರೀಯರು ಕಾಣಿಸಿಕೊಂಡರು.

೧೯೩೧ರಲ್ಲಿ ಮಹಾಸಭೆಯು ದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಘವನ್ನಾಗಿ ಸ್ವೀಕರಿಸಿತು. ಮರುವರ್ಷವೇ ಸರಕಾರದ ಪೆಟ್ಟು ಬಿದ್ದಿತು. ದಳವು ಕಾಯದೆಬಾಹಿರವೆನಿಸಿತು, ಉಮಾಬಾಯಿಯವರು ಬಂಧಿತರಾಗಿ ನಾಲ್ಕು ತಿಂಗಳು ಯರವಡೆಯ ಸೆರೆಮನೆಯಲ್ಲಿದ್ದರು. ಅವರು ಒಳಗಿರುವಾಗ ಆನಂದರಾಯರು ತೀರಿಕೊಂಡರು. ಹೊರಗೆ ಬಂದಾಗ ಮುದ್ರಣಾಲಯವು ಮುಟ್ಟುಗೋಲಾಗಿತ್ತು, ಕನ್ಯಾಶಾಲೆಗೆ ಮುದ್ರೆ ಬಿದ್ದಿತ್ತು, ಭಗಿನೀ ಮಂಡಲಕ್ಕೂ ನಿಷೇಧವಿತ್ತು. ಹತ್ತು ವರ್ಷಗಳಲ್ಲಿ ಕಟ್ಟಿದುದರಲ್ಲಿ ಕಣ್ಣಿಗೆ ಕಾಣುವಂಥದು ಏನೂ ಉಳಿದಿರಲಿಲ್ಲ.

ಆದರೂ ೧೯೩೪ರಲ್ಲಿ ಬಿಹಾರ ಪ್ರಾಂತವು ಭೂಕಂಪದಿಂದ ನೆಲಸಮವಾದಾಗ ಅವರು ಸ್ವಯಂಸೇವಕರೊಡನೆ ಅಲ್ಲಿಗೆ ಹೋಗಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. ೧೯೪೬ರಲ್ಲಿ ಕಸ್ತೂರಬಾ ನಿಧಿಯ ಕರ್ನಾಟಕ ಶಾಖೆಯ ಹೊಣೆಯನ್ನು ಗಾಂಧಿಯವರು ಅವರಿಗೇ ಒಪ್ಪಿಸಿದರು. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರನ್ನಾಗಿ ತರಬೇತುಗೊಳಿಸುವ ಆ ಕಾರ್ಯಕ್ಕೆ ಹಣವು ಸಾಲದಾದಾಗ ಮನೆಮನೆಗೆ ತಿರುಗಿ ದೇಣಿಗೆ ಎತ್ತಿದರು. ಸ್ವಾತಂತ್ರ್ಯಾನಂತರ ಬಂದ ಪಿಂಚಣಿಯನ್ನೂ ತಾಮ್ರಪಟವನ್ನೂ ಒಲ್ಲೆನೆಂದು ಬಿಟ್ಟು, ಮಾವನ ಹೆಸರನ್ನಿಟ್ಟ ‘ಆನಂದ ಸ್ಮೃತಿ’ ಎಂಬ ಹುಬ್ಬಳ್ಳಿಯ ಚಿಕ್ಕ ಮನೆಯಲ್ಲಿ ಅವರು ೧೯೯೨ರವರೆಗೆ ಬದುಕಿದ್ದರು.